ಮಗುವಾಗಿದ್ದಾಗ ಹಾಕಿಸಿದ ಲಸಿಕೆಯ ಬಲ ಈಗಲೂ ಇದೆಯೇ? ತಿಳಿಯುವುದು ಹೀಗೆ

‘ಹೆಪಟೈಟಿಸ್ ಬಿ ಲಸಿಕೆಯಾ? ಚಿಕ್ಕವನಿದ್ದಾಗಲೇ ಹಾಕಿಸಿದ್ದೀವಲ್ಲ.’ ಯಕೃತ್ತಿಗೆ (ಲಿವರ್) ತಗಲುವ ಈ ವೈರಸ್‌ನ ಲಸಿಕೆಯ ಬಗ್ಗೆ ಎಚ್‌ಐವಿ ಇರುವ ಹದಿಹರೆಯದ ಮಕ್ಕಳ ಮನೆಯವರು ಹೀಗೆ ಹೇಳಿದರೆ ಅದು ಸುಳ್ಳಲ್ಲ. ಕಾರ್ಡಿನಲ್ಲಿ ಎಲ್ಲ ಡೋಸ್‌ಗಳ ದಿನಾಂಕವೂ ಇರುತ್ತದೆ. ಆದರೆ ಕಾರ್ಡು ಹೇಳುವುದು ಲಸಿಕೆ ಹಾಕಿದ್ದನ್ನು ಮಾತ್ರ. ಅದರ ಬಲ ಇನ್ನೂ ಉಳಿದಿದೆಯೇ ಎಂಬುದನ್ನು ರಕ್ತವೇ ಹೇಳಬೇಕು.

ಎಚ್‌ಐವಿ ಇಲ್ಲದ ಮಕ್ಕಳಲ್ಲೂ ವರ್ಷ ಕಳೆದಂತೆ ಪ್ರತಿಕಾಯ (ವೈರಸ್ ಎದುರಿಸಲು ದೇಹ ತಯಾರಿಸುವ ಪ್ರೋಟೀನ್) ಇಳಿಯುತ್ತದೆ. ಆದರೂ ದೇಹಕ್ಕೆ ನೆನಪಿರುತ್ತದೆ, ವೈರಸ್ ಬಂದರೆ ಮತ್ತೆ ಪ್ರತಿಕಾಯ ತಯಾರಿಸುತ್ತದೆ. ಆ ನೆನಪು ಬೆಳೆಯಲು ಸಿಡಿ4 ಎಂಬ ಬಿಳಿ ರಕ್ತಕೋಶಗಳ ನೆರವು ಬೇಕು. ಎಚ್‌ಐವಿ ಕೈಹಾಕುವುದೇ ಆ ಕೋಶಗಳಿಗೆ. ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿ) ಶುರುವಾಗುವ ಮೊದಲೇ ಲಸಿಕೆ ಪಡೆದ ಮಗುವಿನಲ್ಲಿ ರಕ್ಷಣೆ ದುರ್ಬಲವಾಗಿರುವ ಸಾಧ್ಯತೆ ಹೆಚ್ಚು. ಎಚ್‌ಐವಿ, ಹೆಪಟೈಟಿಸ್ ಬಿ ಎರಡೂ ವೈರಸ್‌ ಹರಡುವ ದಾರಿಗಳು ಒಂದೇ, ಮತ್ತು ಎರಡೂ ಸೇರಿದರೆ ಯಕೃತ್ತು ಬೇಗ ಹಾಳಾಗುತ್ತದೆ.

ಮೊದಲು ರಕ್ತಪರೀಕ್ಷೆ

ಮುಂದಿನ ತಪಾಸಣೆಗೆ ಹೋದಾಗ ಮೂರು ಪರೀಕ್ಷೆ ಕೇಳಿ. ಎಚ್‌ಬಿಎಸ್‌ಎಜಿ, ಈಗ ಸೋಂಕು ಇದೆಯೇ ಎಂದು ತಿಳಿಯಲು. ಆಂಟಿ-ಎಚ್‌ಬಿಸಿ, ಹಿಂದೆ ಎಂದಾದರೂ ಸೋಂಕು ತಗುಲಿತ್ತೇ ಎಂದು ತಿಳಿಯಲು. ಆಂಟಿ-ಎಚ್‌ಬಿಎಸ್, ರಕ್ಷಣೆ ಎಷ್ಟಿದೆ ಎಂದು ತಿಳಿಯಲು. ಈ ಕೊನೆಯದನ್ನು ‘ಇದೆ, ಇಲ್ಲ’ ಎಂದಷ್ಟೇ ಬರೆಸಿಕೊಳ್ಳಬೇಡಿ, ಅಂಕಿ ಬೇಕು. ರಕ್ತ ಕೊಡುವುದು ಲಸಿಕೆಗೆ ಮೊದಲು ಇರಲಿ. ಲಸಿಕೆ ಪಡೆದ ಕೆಲವು ದಿನ ಎಚ್‌ಬಿಎಸ್‌ಎಜಿ ಪರೀಕ್ಷೆ ಸುಮ್ಮನೆ ಪಾಸಿಟಿವ್ ತೋರಿಸಿ ಮನೆಮಂದಿಯನ್ನೆಲ್ಲ ಹೆದರಿಸಬಹುದು.

ಇದೆಲ್ಲ ಯಾಕೆಂದು ಹುಡುಗನಿಗೋ ಹುಡುಗಿಗೋ ನೇರವಾಗಿ ಹೇಳಿ. ಹದಿನಾಲ್ಕು ವರ್ಷದವರ ತಲೆಯ ಮೇಲಿಂದ ದೊಡ್ಡವರಷ್ಟೇ ಮಾತಾಡಿಕೊಳ್ಳುವುದು ಸರಿಯಲ್ಲ. ಮುಂದೆ ಅವರೇ ತಮ್ಮ ಫೈಲು ಹಿಡಿದು ಓಡಾಡಬೇಕಾದವರು.

ರಿಪೋರ್ಟ್ ಓದುವುದು

ಲಸಿಕೆ ಪೂರ್ತಿ ಆಗಿದ್ದು, ಆಂಟಿ-ಎಚ್‌ಬಿಎಸ್ 10 ಅಥವಾ ಹೆಚ್ಚು ಇದ್ದರೆ (ಮಿಲಿಲೀಟರಿಗೆ ಇಷ್ಟು ಮಿಲಿ ಯೂನಿಟ್ ಎಂಬ ಲೆಕ್ಕ) ರಕ್ಷಣೆ ಇದೆ. 4.2 ಎಂದಿದ್ದರೆ ‘ಸ್ವಲ್ಪ ಇದೆಯಲ್ಲ’ ಎಂದು ಸುಮ್ಮನಾಗಬೇಡಿ. ಅಂಕಿ 10ಕ್ಕಿಂತ ಕಡಿಮೆ, ಉಳಿದೆರಡೂ ನೆಗೆಟಿವ್ ಎಂದಾದರೆ ಮತ್ತೆ ಲಸಿಕೆ ಬೇಕು. ಆಂಟಿ-ಎಚ್‌ಬಿಸಿ ಒಂದೇ ಪಾಸಿಟಿವ್ ಇದ್ದರೆ ಮುಂದಿನದನ್ನು ವೈದ್ಯರೇ ಹೇಳಬೇಕು.

ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದರೆ ದಾರಿಯೇ ಬೇರೆ. ಲಸಿಕೆಯಿಂದ ಪ್ರಯೋಜನವಿಲ್ಲ, ಯಕೃತ್ತಿನ ತಪಾಸಣೆ ಆಗಬೇಕು. ಟೆನೊಫೊವಿರ್ ಎರಡೂ ವೈರಸ್‌ಗಳನ್ನು ಹಿಡಿದಿಡುವ ಔಷಧಿ. ಅದಿರುವ ಮಾತ್ರೆಯನ್ನು ತಾವಾಗಿ ನಿಲ್ಲಿಸಿದರೆ ಹೆಪಟೈಟಿಸ್ ಒಮ್ಮೆಲೇ ಕೆರಳಬಹುದು.

ಮತ್ತೆ ಲಸಿಕೆ

ಸಾಮಾನ್ಯ ಕ್ರಮ ಮೂರು ಡೋಸ್: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಎಚ್‌ಐವಿ ಇರುವವರಿಗೆ ವೈದ್ಯರು ಪ್ರಮಾಣವನ್ನು ಇಮ್ಮಡಿ ಮಾಡಬಹುದು, ಇಲ್ಲವೇ ನಾಲ್ಕು ಡೋಸ್ ಕೊಡಬಹುದು. ಚುಚ್ಚುವುದು ತೋಳಿನ ಮೇಲ್ಭಾಗದ ಸ್ನಾಯುವಿಗೆ. ಪೃಷ್ಠಕ್ಕೆ ಚುಚ್ಚಿದರೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಮಧ್ಯೆ ಒಂದು ಡೋಸ್ ತಪ್ಪಿದರೆ ಮೊದಲಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು.

ಇದರಲ್ಲಿ ಜೀವಂತ ವೈರಸ್ ಇಲ್ಲ. ಸಿಡಿ4 ಕಡಿಮೆಯಿದ್ದರೂ ಹಾಕಿಸಬಹುದು. ವೈರಲ್ ಲೋಡ್ (ರಕ್ತದಲ್ಲಿರುವ ಎಚ್‌ಐವಿ ಪ್ರಮಾಣ) ಹತೋಟಿಯಲ್ಲಿದ್ದಾಗ ಫಲ ಚೆನ್ನಾಗಿರುತ್ತದೆ ನಿಜ, ಹಾಗಾಗಿ ಮಾತ್ರೆ ತಪ್ಪದೆ ನುಂಗುವುದೂ ಲಸಿಕೆಯ ಕೆಲಸದ ಒಂದು ಭಾಗವೇ.

ಜನ ಮರೆಯುವ ಹೆಜ್ಜೆ

ಕೊನೆಯ ಡೋಸ್ ಆದ ಒಂದೆರಡು ತಿಂಗಳಿಗೆ ಆಂಟಿ-ಎಚ್‌ಬಿಎಸ್ ಮತ್ತೆ ನೋಡಿಸಿ. ಕೊನೆಯ ಚುಚ್ಚುಮದ್ದಿನ ದಿನವೇ ಆ ತಾರೀಖನ್ನು ಕಾರ್ಡಿನಲ್ಲಿ ಬರೆಸಿಕೊಳ್ಳಿ. ಆಗಲೂ 10 ದಾಟದಿದ್ದರೆ ಇನ್ನೊಂದು ಸುತ್ತು ಹಾಕಿಸುವುದುಂಟು. ದಾಟಿದರೂ ಮುಂದೆ ಇಳಿಯಬಹುದು, ಆದ್ದರಿಂದ ಕೆಲವು ವೈದ್ಯರು ವರ್ಷಕ್ಕೊಮ್ಮೆ ನೋಡುತ್ತಾರೆ.

ರಕ್ಷಣೆ ಬಂದಿಲ್ಲ ಎಂದು ಗೊತ್ತಿರುವವರು ರೇಜರ್, ಹಲ್ಲುಜ್ಜುವ ಬ್ರಷ್ ಹಂಚಿಕೊಳ್ಳಬಾರದು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರುತ್ತದೆ. ಬೇರೆಯವರಿಗೆ ಬಳಸಿದ ಸೂಜಿ ಚುಚ್ಚಿದರೆ ಅಥವಾ ಅವರ ರಕ್ತ ಗಾಯಕ್ಕೆ ತಾಗಿದರೆ ಕೂಡಲೇ, ಆದಷ್ಟು 24 ಗಂಟೆಯೊಳಗೆ, ಆಸ್ಪತ್ರೆಗೆ ಹೋಗಿ. ಹೋಗುವಾಗ ಹಳೆಯ ಆಂಟಿ-ಎಚ್‌ಬಿಎಸ್ ರಿಪೋರ್ಟ್ ಜೊತೆಯಲ್ಲಿರಲಿ. ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯ) ಚುಚ್ಚುಮದ್ದು ಬೇಕೇ ಬೇಡವೇ ಎಂದು ವೈದ್ಯರು ತೀರ್ಮಾನಿಸಲು ಅದು ನೆರವಾಗುತ್ತದೆ.