ಕಚ್ಚುವ ನಾಯಿ ಮನೆಯಲ್ಲಿದ್ದರೆ ಮೊದಲು ಗೇಟು ಸರಿಮಾಡಿ

‘ನಾಯಿ ಇದೆ, ಎಚ್ಚರಿಕೆ’ ಎಂಬ ಬೋರ್ಡು ತೂಗಿಸಿದರೆ ತಮ್ಮ ಹೊಣೆ ಮುಗಿಯಿತು ಎಂದು ತಿಳಿದವರು ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಕುಂಬಳೆಯಿಂದ ಮುಳ್ಳೇರಿಯದವರೆಗೆ ಬೇಕಾದಷ್ಟಿದ್ದಾರೆ. ಮುಗಿಯುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ಸಾಕಿದ ಪ್ರಾಣಿಯಿಂದ ಜೀವಕ್ಕೆ ಅಪಾಯವೋ ತೀವ್ರ ಗಾಯವೋ ಆಗದಂತೆ ನೋಡಿಕೊಳ್ಳದ ಯಜಮಾನನಿಗೆ 6 ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಬೋರ್ಡು ಬೇಡವೆಂದಲ್ಲ. ಕನ್ನಡ, ಮಲಯಾಳ ಎರಡರಲ್ಲೂ ಬರೆಸಿ, ಜೊತೆಗೆ ನಾಯಿಯ ಚಿತ್ರವೂ ಇರಲಿ. ತೋಟದ ಕೆಲಸಕ್ಕೆ ಬರುವ ಬಂಗಾಳದ ಹುಡುಗರಿಗೆ ಈ ಎರಡು ಲಿಪಿಯೂ ಬಾರದು.

ಮೊದಲು ಕಾರಣ ಹುಡುಕಿ

ಸಾಧುವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಸಿಡುಕತೊಡಗಿದರೆ ಅದಕ್ಕೆ ಎಲ್ಲೋ ನೋವಿದೆ ಎಂದೇ ಹಿಡಿಯಿರಿ. ಕಿವಿ ಸೋರುತ್ತಿದೆಯೇ, ಬೆರಳ ಸಂದಿನಲ್ಲಿ ಉಣ್ಣಿ ಕಚ್ಚಿದೆಯೇ, ಹಲ್ಲು ಹುಳುಕಾಗಿದೆಯೇ ಎಂದು ಮೃಗಾಸ್ಪತ್ರೆಯಲ್ಲಿ ತೋರಿಸಿ. ಜೊಲ್ಲು, ನುಂಗಲಾಗದಿರುವುದು, ದನಿ ಬದಲಾಗುವುದು ಕಂಡರೆ ಬಾಯಿಗೆ ಕೈ ಹಾಕಬೇಡಿ. ಅದು ರೇಬಿಸ್ ಆಗಿರಬಹುದು. ಒಂದೆಡೆ ಕೂಡಿಹಾಕಿ ವೈದ್ಯರಿಗೆ ತಿಳಿಸಿ.

ಊಟದ ತಟ್ಟೆಯ ಹತ್ತಿರ ಹೋದಾಗ ಮಾತ್ರ, ಮರಿ ಹಾಕಿದಾಗ ಮಾತ್ರ, ಕಟ್ಟಿಹಾಕಿದಾಗ ಮಾತ್ರ ಗುರ್ ಎನ್ನುವುದಾದರೆ ಕಾರಣ ಕಣ್ಣೆದುರೇ ಇದೆ. ಗುರ್ ಎಂದದ್ದಕ್ಕೆ ಹೊಡೆಯಬೇಡಿ. ಪೆಟ್ಟು ತಿಂದ ನಾಯಿ ಗುರ್ ಎನ್ನುವುದನ್ನು ಬಿಡುತ್ತದೆಯೇ ಹೊರತು ಕಚ್ಚುವುದನ್ನಲ್ಲ. ಮುನ್ಸೂಚನೆ ಕೊಡದೆ ಬಾಯಿ ಹಾಕುವ ನಾಯಿ ತಯಾರಾಗುವುದು ಹೀಗೆಯೇ.

ಗೇಟು ಮತ್ತು ಸರಪಳಿ

ಹಗಲಿಡೀ ಕಟ್ಟಿ ರಾತ್ರಿ ಬಿಡುವುದು ನಮ್ಮಲ್ಲಿಯ ಪದ್ಧತಿ. ಎಡವಟ್ಟು ಇರುವುದೇ ಇಲ್ಲಿ. ನಸುಕಿನಲ್ಲಿ ತಲೆಗೆ ಲೈಟು ಕಟ್ಟಿಕೊಂಡು ರಬ್ಬರು ಟ್ಯಾಪಿಂಗಿಗೆ ಹೋಗುವವರು, ಮದ್ರಸಕ್ಕೆ ನಡೆದು ಹೋಗುವ ಮಕ್ಕಳು, ಹಾಲು ಹಾಕುವವರು ದಾರಿಯಲ್ಲಿರುವ ಹೊತ್ತಿಗೆ ನಾಯಿಯೂ ದಾರಿಯಲ್ಲಿರುತ್ತದೆ. ರಾತ್ರಿ ಬಿಡುವುದಾದರೆ ಅದು ಪಾಗಾರದ ಒಳಗೇ ಉಳಿಯಬೇಕು. ಪಾಗಾರ 5 ಅಡಿಗಿಂತ ತಗ್ಗಿದ್ದರೆ ಮೇಲೆ ಬಲೆ ಕಟ್ಟಿ. ಗೇಟಿನ ಅಡಿಯ ಸಂದು ಒಂದು ಗೇಣಿದ್ದರೂ ಮಳೆಗಾಲದಲ್ಲಿ ಮಣ್ಣು ಕೆರೆದು ನುಸುಳುತ್ತದೆ. ಅಲ್ಲಿಗೆ ಕಲ್ಲು ಹಾಸಿ.

ಸಾಧ್ಯವಿದ್ದರೆ ಗೇಟಿನಿಂದ ನಾಲ್ಕೈದು ಅಡಿ ಒಳಗೆ ಇನ್ನೊಂದು ಚಿಕ್ಕ ಗೇಟು ಇಡಿ. ಒಂದು ತೆರೆದಾಗ ಇನ್ನೊಂದು ಮುಚ್ಚಿರಬೇಕು. ಮನೆಮನೆಯಿಂದ ಕಸ ಒಯ್ಯುವ ಹಸಿರು ಕ್ರಿಯಾಸೇನೆಯವರು, ಅಂಚೆಯವರು ಎರಡರ ನಡುವೆ ನಿಂತು ಕೆಲಸ ಮುಗಿಸಿ ಹೋಗುತ್ತಾರೆ. ಕರೆಗಂಟೆ ಹೊರಗಿನ ಗೇಟಿನಲ್ಲಿರಲಿ, ಜಗಲಿಯಲ್ಲಲ್ಲ.

ಹಗಲು ಕಟ್ಟಲೇಬೇಕಾದರೆ ಗಿಡ್ಡ ಸರಪಳಿಯ ಬದಲು ಓಡುತಂತಿ ಮಾಡಿ. ಎರಡು ಗಟ್ಟಿ ಮರಗಳ ನಡುವೆ, ತಲೆಗೆ ತಾಗದಷ್ಟು ಎತ್ತರದಲ್ಲಿ, ದಪ್ಪ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಬಿಗಿದು ಅದರಲ್ಲಿ ಕಬ್ಬಿಣದ ಬಳೆ, ಬಳೆಗೆ ಸರಪಳಿ. ಮರದಿಂದ ಸರಪಳಿಯ ಉದ್ದಕ್ಕಿಂತ ಸ್ವಲ್ಪ ಹೆಚ್ಚು ದೂರದಲ್ಲಿ ಬಳೆ ಮುಂದೆ ಜಾರದಂತೆ ತಂತಿಗೆ ಕ್ಲಾಂಪು ಹಾಕದಿದ್ದರೆ ನಾಯಿ ಮರಕ್ಕೆ ಸುತ್ತಿಕೊಳ್ಳುತ್ತದೆ. ಸರಪಳಿಯ ಎರಡೂ ತುದಿಗೆ ತಿರುಗುವ ಕೊಂಡಿ ಬೇಕು. ಇಲ್ಲದಿದ್ದರೆ ಹುರಿಗೊಂಡು ಕುತ್ತಿಗೆ ಬಿಗಿಯುತ್ತದೆ. ನಾಯಿ ತಲುಪುವ ಕೊನೆಯ ಜಾಗದಿಂದ ಜನ ನಡೆಯುವ ದಾರಿ ಕನಿಷ್ಠ 6 ಅಡಿ ದೂರವಿರಲಿ. ದಿನಕ್ಕೆ ಎರಡು ಸಲ ನಡೆಸಿಕೊಂಡೂ ಬನ್ನಿ. ಸದಾ ಕಟ್ಟಿಟ್ಟ ನಾಯಿಗೆ ವ್ಯಾಯಾಮ ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ.

ಬಾಯಿಕುಕ್ಕೆ

ಅಂಗಡಿಯವರು ಮಜಲ್ ಎನ್ನುವ ಬಾಯಿಕುಕ್ಕೆಯಲ್ಲಿ ಎರಡು ಬಗೆ. ಬಟ್ಟೆಯದು ಬಾಯಿ ಬಿಗಿದುಬಿಡುತ್ತದೆ. ನಾಲಿಗೆ ಹೊರಹಾಕಿ ಏದುಸಿರು ಬಿಡಲಾಗದೆ ಏಪ್ರಿಲ್ ಬಿಸಿಲಲ್ಲಿ ನಾಯಿ ಸತ್ತೇ ಹೋದೀತು. ನಡೆದಾಡಲು ಬುಟ್ಟಿಯಂಥದ್ದೇ ಬೇಕು. ಒಳಗೆ ಬಾಯಿ ಪೂರ್ತಿ ತೆರೆಯುವಂತಿರಬೇಕು, ಪಟ್ಟಿಯಡಿ ಒಂದು ಬೆರಳು ಹೋಗಬೇಕು. ತಂದ ದಿನವೇ ಕಟ್ಟಿದರೆ ಪಂಜದಿಂದ ಕಿತ್ತುಹಾಕುತ್ತದೆ. ಮೊದಲೆರಡು ದಿನ ಒಳಗೆ ಒಣಮೀನಿನ ಚೂರೋ ಬೇಯಿಸಿದ ಮೊಟ್ಟೆಯೋ ಇಟ್ಟು ಅದಾಗಿಯೇ ಮೂತಿ ತೂರಿಸಲಿ. ಮುಂದಿನ ದಿನಗಳಲ್ಲಿ ಐದು ಎಣಿಸುವಷ್ಟು ಹೊತ್ತು, ಆಮೇಲೆ ಪಟ್ಟಿ ಹಾಕಿ ಒಂದು ನಿಮಿಷ, ಹತ್ತು ನಿಮಿಷ. ಹತ್ತು ದಿನವಾದರೂ ಹಿಡಿಯುತ್ತದೆ, ಅವಸರ ಬೇಡ.

ಲಸಿಕೆ, ಲೈಸೆನ್ಸು

ರೇಬಿಸ್ ಲಸಿಕೆ ಮರಿಗೆ ಮೂರು ತಿಂಗಳಾದಾಗ, ಮೂರು-ನಾಲ್ಕು ವಾರ ಬಿಟ್ಟು ಇನ್ನೊಮ್ಮೆ, ಬಳಿಕ ವರ್ಷಕ್ಕೊಮ್ಮೆ. ಕೇರಳದಲ್ಲಿ ನಾಯಿ ಸಾಕಲು ಪಂಚಾಯತಿನ ಲೈಸೆನ್ಸು ಬೇಕು. ಅದಕ್ಕೆ ಲಸಿಕೆಯ ಸರ್ಟಿಫಿಕೇಟು ಕೇಳುತ್ತಾರೆ. ಕಾಸರಗೋಡಿನ ಕನ್ನಡಿಗರು ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದು.

ಎದುರು ಬಂದರೆ

ದಾರಿಯಲ್ಲಿ ನಾಯಿ ಎದುರಾದರೆ ಓಡಬೇಡಿ. ನಿಂತು, ಪಕ್ಕಕ್ಕೆ ತಿರುಗಿ, ಕಣ್ಣಿಗೆ ಕಣ್ಣಿಡದೆ, ಕೊಡೆಯನ್ನೋ ಚೀಲವನ್ನೋ ಮುಂದೆ ಹಿಡಿದು ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿಯಿರಿ. ಬೈಕಿನಲ್ಲಿದ್ದರೆ ವೇಗ ಇಳಿಸಿ. ಬಿದ್ದರೆ ಮುದುಡಿ ಕುತ್ತಿಗೆ, ಕಿವಿ ಮುಚ್ಚಿಕೊಳ್ಳಿ.

ಕಚ್ಚಿದರೆ

ಹರಿಯುವ ನೀರಲ್ಲಿ ಸೋಪು ಹಚ್ಚಿ ಗಡಿಯಾರ ನೋಡಿ 15 ನಿಮಿಷ ತೊಳೆಯಿರಿ. ನಳ್ಳಿ ಇಲ್ಲದಿದ್ದರೆ ಕೊಡಪಾನದಿಂದ ಒಬ್ಬರು ಹೊಯ್ಯುತ್ತಲೇ ಇರಲಿ. ಅರಸಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ, ಬಟ್ಟೆ ಬಿಗಿಯುವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ, ಮೊದಲ ಚುಚ್ಚಿನ ದಿನವನ್ನು 0 ಎಂದು ಹಿಡಿದು, 0, 3, 7, 28ನೇ ದಿನ. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು. ತಾಲೂಕು ಆಸ್ಪತ್ರೆಗೆ ಹೊರಡುವ ಮೊದಲು ಅದು ಅಲ್ಲಿದೆಯೇ ಎಂದು ಫೋನಿನಲ್ಲಿ ಕೇಳಿ. ಮಂಗಳೂರಿಗೇ ಹೋಗಬೇಕಾದರೆ ಹೊತ್ತು ಉಳಿಯುತ್ತದೆ.

ನಾಯಿಯ ಯಜಮಾನರು ಲಸಿಕೆಯ ಪುಸ್ತಕ ಹಿಡಿದು ಕಚ್ಚಿಸಿಕೊಂಡವರ ಜೊತೆಗೇ ಹೋಗಬೇಕು. ‘ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ, ಏನೂ ಆಗುವುದಿಲ್ಲ’ ಎಂದು ಹೇಳುವುದು ಅವರ ಕೆಲಸವಲ್ಲ, ತೀರ್ಮಾನ ವೈದ್ಯರದ್ದು. ನಾಯಿಯನ್ನು ಕೊಲ್ಲಬೇಡಿ, ರಾತ್ರೋರಾತ್ರಿ ಗಡಿಯಾಚೆ ಕಾಡಿಗೆ ಬಿಟ್ಟೂ ಬರಬೇಡಿ. 10 ದಿನ ಕಟ್ಟಿಹಾಕಿ, ರೇಬಿಸ್ ಲಕ್ಷಣ ಕಾಣುತ್ತದೆಯೇ ಎಂದು ನೋಡಬೇಕು. ಆ ಹತ್ತು ದಿನದೊಳಗೆ ಅದು ಸತ್ತರೆ ಹೂಳುವ ಮೊದಲು ಮೃಗಾಸ್ಪತ್ರೆಗೆ ತಿಳಿಸಿ. ರೇಬಿಸ್ ಇತ್ತೇ ಎಂಬುದು ಮಿದುಳಿನ ಪರೀಕ್ಷೆಯಿಂದಲೇ ಖಚಿತವಾಗುವುದು.