ನಲ್ಲಿ ನೀರು ಗಡಸಾಗಿದ್ದರೆ: ಮೂಲ ತಿಳಿಯುವ, ಪರೀಕ್ಷಿಸುವ, ಸರಿಪಡಿಸುವ ಬಗೆ

ಎಷ್ಟು ಉಜ್ಜಿದರೂ ಸಾಬೂನು ನೊರೆ ಬಿಡದಿರುವುದು, ಬಕೆಟ್ಟಿನ ಒಳಬದಿಯಲ್ಲಿ ಬೂದು ಬಣ್ಣದ ಜಿಗುಟು ಗೆರೆ ಕೂರುವುದು, ಷವರಿನ ತೂತುಗಳು ಒಂದೊಂದಾಗಿ ಕಟ್ಟಿಕೊಳ್ಳುವುದು, ಇವೆಲ್ಲ ಗಡಸು ನೀರಿನ ಗುರುತುಗಳು. ಇವನ್ನು ಕಂಡೊಡನೆ ಯಂತ್ರ ಕೊಳ್ಳಲು ಹೊರಡುವವರೇ ಹೆಚ್ಚು. ಅದಕ್ಕೆ ಮುನ್ನ ನಿಮ್ಮ ನಲ್ಲಿಗೆ ನೀರು ಎಲ್ಲಿಂದ ಬರುತ್ತಿದೆ, ಅದರ ಗಡಸುತನ ಯಾವ ಬಗೆಯದು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಿ. ಒಂದು ಮನೆಗೆ ಒದಗಿದ ಉಪಾಯ ಪಕ್ಕದ ಬಡಾವಣೆಯಲ್ಲಿ ಕೆಲಸಕ್ಕೆ ಬಾರದಿರಬಹುದು.

ಗಡಸುತನಕ್ಕೆ ಕಾರಣ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಮಳೆನೀರಿನಲ್ಲಿ ಇವು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದು ಗಾಳಿಯಿಂದ ಸ್ವಲ್ಪ, ಮಣ್ಣಿನಿಂದ ಇನ್ನೂ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸೌಮ್ಯ ಆಮ್ಲವಾಗುತ್ತದೆ. ಸುಣ್ಣಕಲ್ಲಿನ ಪದರ ಸಿಕ್ಕಿದರೆ ಅದನ್ನು ಕರಗಿಸಿಕೊಂಡೇ ಮುಂದೆ ಹರಿಯುತ್ತದೆ. ಲಂಡನ್ನಿನ ನೀರು ಗಡಸಾಗಿರುವುದು ಆ ಸೀಮೆಯ ಸುಣ್ಣಕಲ್ಲಿನಿಂದ. ಅದೇ ದ್ವೀಪದ ಗ್ಲಾಸ್ಗೋ ನಗರಕ್ಕೆ 1859ರಿಂದ ಲಾಕ್ ಕ್ಯಾಟ್ರಿನ್ ಸರೋವರದ ನೀರು ಬರುತ್ತಿದೆ. ಸುತ್ತಲಿನ ಬಂಡೆಗಳು ಸುಲಭವಾಗಿ ಕರಗುವಂಥವಲ್ಲದ ಕಾರಣ ಅಲ್ಲಿನ ನೀರು ಬಹಳ ಮೆದು. ಹಾಗೆಂದು ಗ್ರಾನೈಟ್ ನೆಲದಲ್ಲಿ ಗಡಸು ನೀರೇ ಇರದೆಂದು ತಿಳಿಯಬಾರದು. ಮಳೆ ಕಡಿಮೆಯಿರುವ ಕಡೆ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಖನಿಜಗಳನ್ನು ಸೆಳೆದುಕೊಳ್ಳುವುದರಿಂದ, ಅಂಥ ನೆಲದ ಆಳವಾದ ಕೊಳವೆಬಾವಿಯ ನೀರೂ ಗಡಸಾಗಿರುವುದುಂಟು. ಒಂದೇ ನಗರದಲ್ಲಿ ನದಿಯ ನೀರು ಬರುವ ಬೀದಿಗೂ ಕೊಳವೆಬಾವಿಯ ನೀರನ್ನು ನಂಬಿದ ಬೀದಿಗೂ ಅಜಗಜಾಂತರ ಇರುವುದು ಹೀಗೆ. ಎರಡೂ ಮೂಲಗಳನ್ನು ಬೆರೆಸುವ ಕಡೆ ಬೇಸಿಗೆಯಲ್ಲಿ ನದಿಯ ಪಾಲು ತಗ್ಗಿದರೆ ಗಡಸುತನ ಏರುತ್ತದೆ. ಆದ್ದರಿಂದ ನೀರು ಸರಬರಾಜು ಮಾಡುವವರನ್ನು ಮೂಲ ಯಾವುದೆಂದು ಕೇಳುವಾಗ ಬೇರೆ ಬೇರೆ ಕಾಲದ ಅಂಕಿಗಳನ್ನೂ ಕೇಳಿ.

ಆ ಅಂಕಿಗಳು ಸಾಮಾನ್ಯವಾಗಿ ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಲೆಕ್ಕದಲ್ಲಿರುತ್ತವೆ. ಬಳಕೆಯಲ್ಲಿರುವ ಒಂದು ವಿಂಗಡಣೆಯ ಪ್ರಕಾರ 60ರವರೆಗೆ ಮೆದು, 61ರಿಂದ 120 ಸಾಧಾರಣ, 121ರಿಂದ 180 ಗಡಸು, ಅದಕ್ಕೂ ಮೇಲ್ಪಟ್ಟರೆ ಅತಿ ಗಡಸು. ನೀರಿನಲ್ಲಿ ಕರಗಿರುವ ವಸ್ತುಗಳ ಒಟ್ಟು ಪ್ರಮಾಣವನ್ನು ಅಂದಾಜಿಸುವ ಟಿಡಿಎಸ್ ಮೀಟರನ್ನು ಇದಕ್ಕೆ ನೆಚ್ಚಬೇಡಿ. ಅಡುಗೆ ಉಪ್ಪು ಕರಗಿದ್ದರೂ ಅದರ ಅಂಕಿ ಏರುತ್ತದೆ, ಆದರೆ ಉಪ್ಪಿನಿಂದ ನೀರು ಗಡಸಾಗುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ, ಮತ್ತು ಅದನ್ನು ತಪ್ಪದೆ ಮಾಡಿ ಎಂಬುದು ನನ್ನ ಒತ್ತಾಯ. ಒಂದೇ ಅಳತೆಯ ಮೂರು ಪಾರದರ್ಶಕ ಬಾಟಲಿಗಳನ್ನು ತೆಗೆದುಕೊಂಡು, ಒಂದರಲ್ಲಿ ಡಿಸ್ಟಿಲ್ಡ್ ವಾಟರ್, ಇನ್ನೊಂದರಲ್ಲಿ ನಲ್ಲಿ ನೀರು, ಮತ್ತೊಂದರಲ್ಲಿ ಹತ್ತು ನಿಮಿಷ ಕುದಿಸಿ, ಆರಿಸಿ, ತಳದ ಗಸಿ ಕದಡದಂತೆ ಬಸಿದ ನಲ್ಲಿ ನೀರನ್ನು ಮೂರನೇ ಒಂದು ಭಾಗದಷ್ಟು ತುಂಬಿ. ಪ್ರತಿಯೊಂದಕ್ಕೂ ಹತ್ತು ಹನಿ ಸಾಬೂನಿನ ದ್ರಾವಣ ಬಿಟ್ಟು ಜೋರಾಗಿ ಕುಲುಕಿ. ದ್ರಾವಣವನ್ನು ಸಾದಾ ಸಾಬೂನು ತುರಿದು ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ ಮಾಡಿಕೊಳ್ಳಬೇಕು. ಡಿಟರ್ಜೆಂಟ್ ಗಡಸು ನೀರಿನಲ್ಲೂ ನೊರೆ ಬಿಡುವುದರಿಂದ ಪರೀಕ್ಷೆ ಕೆಡುತ್ತದೆ. ಮೊದಲನೆಯದರಲ್ಲಿ ನೊರೆ ಕುತ್ತಿಗೆಯವರೆಗೆ ಏರಿದರೆ, ಗಡಸು ನೀರಿನಲ್ಲಿ ತೆಳುವಾದ ನೊರೆ ಒಡೆದುಹೋಗಿ ಮೊಸರು ಒಡೆದಂತೆ ಬಿಳಿ ತುಣುಕುಗಳು ತೇಲುತ್ತವೆ. ಕುದಿಸಿದ ನೀರು ಚೆನ್ನಾಗಿ ನೊರೆ ಬಿಟ್ಟರೆ ನಿಮ್ಮದು ಹೆಚ್ಚಾಗಿ ಬೈಕಾರ್ಬೊನೇಟಿನ ತಾತ್ಕಾಲಿಕ ಗಡಸುತನ. ಬಿಡದಿದ್ದರೆ ಸಲ್ಫೇಟ್, ಕ್ಲೋರೈಡುಗಳ ಶಾಶ್ವತ ಗಡಸುತನ.

ತಾತ್ಕಾಲಿಕ ಗಡಸುತನವೇ ಗೀಸರ್ ಮತ್ತು ಕೆಟಲ್‌ಗಳಲ್ಲಿ ಬಿಳಿ ಹಕ್ಕಳೆ ಕಟ್ಟುವಂಥದ್ದು. ಗೀಸರಿನ ಉಷ್ಣತೆಯನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇರಿಸದಿದ್ದರೆ ಹಕ್ಕಳೆ ನಿಧಾನವಾಗಿ ಬೆಳೆಯುತ್ತದೆ. ಕಟ್ಟಿರುವುದನ್ನು ತೆಗೆಯಲು ಕೆಟಲ್ಲಿಗೆ ಒಂದು ಲೀಟರ್ ನೀರು, ಎರಡು ಚಮಚ ಸಿಟ್ರಿಕ್ ಆಮ್ಲ ಹಾಕಿ ಬಿಸಿಮಾಡಿ ಅರ್ಧ ಗಂಟೆ ಬಿಡಿ. ಸಣ್ಣ ಗುಳ್ಳೆಗಳು ಏಳುತ್ತಾ ಹಕ್ಕಳೆ ಸಡಿಲವಾಗುವುದು ಕಣ್ಣಿಗೇ ಕಾಣುತ್ತದೆ. ಯಾವುದೇ ಆಮ್ಲವನ್ನು ಬ್ಲೀಚಿನೊಂದಿಗೆ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ.

ಇಡೀ ಮನೆಯ ನೀರು ಮೆದುವಾಗಬೇಕಿದ್ದರೆ ಅಯಾನು ವಿನಿಮಯದ ಸಾಫ್ಟ್‌ನರ್ ಬೇಕಾಗುತ್ತದೆ. ಎರಡೂ ಬಗೆಯ ಗಡಸುತನಕ್ಕೆ ಅದು ಒದಗುತ್ತದೆ. ಯುವಿ ದೀಪ, ಕ್ಯಾಂಡಲ್ ಫಿಲ್ಟರ್, ಕ್ಲೋರಿನ್ ಇವು ಯಾವುವೂ ಗಡಸುತನ ತೆಗೆಯವು. ಸಾಫ್ಟ್‌ನರಿನೊಳಗಿನ ರೆಸಿನ್ ಮಣಿಗಳು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಸೋಡಿಯಂ ಬಿಟ್ಟುಕೊಡುವುದರಿಂದ, 300 ಮಿಲಿಗ್ರಾಂ ಗಡಸುತನ ಪೂರ್ತಿ ಹೋದಾಗ ಲೀಟರಿಗೆ ಸುಮಾರು 138 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಗಡಸು ನೀರು ಕುಡಿಯುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ದೃಷ್ಟಿಯಿಂದ ಮಿತಿಯನ್ನೇನೂ ಗೊತ್ತುಮಾಡಿಲ್ಲ. ಹೀಗಾಗಿ ಕುಡಿಯುವ ನಲ್ಲಿಯ ಕೊಳವೆಯನ್ನು ಸಾಫ್ಟ್‌ನರಿಗೆ ಮೊದಲೇ ಕವಲೊಡೆಸಿಕೊಳ್ಳುವುದು ಒಳ್ಳೆಯದು. ಉಪ್ಪು ಮಿತಗೊಳಿಸಬೇಕಾದವರಿರುವ ಮನೆಯಲ್ಲಂತೂ ಇದನ್ನು ಮರೆಯಬಾರದು.

ಯಂತ್ರ ಕೂರಿಸಿದ ದಿನವೇ ಮತ್ತೆ ಬಾಟಲಿ ಕುಲುಕಿ ನೋಡಿ, ತಿಂಗಳಿಗೊಮ್ಮೆ ಅದನ್ನೇ ಮಾಡಿ. ನೊರೆ ಇಳಿಮುಖವಾಗಿದ್ದರೆ ರೆಸಿನ್ ತುಂಬಿದೆ, ಉಪ್ಪು ನೀರು ಹಾಯಿಸಿ ತೊಳೆಯಬೇಕು ಎಂದರ್ಥ.