ನಾರು ಜಾರಿತ್ತು, ಮುರಿದಿರಲಿಲ್ಲ

ಕತ್ತಾಳೆ ನಾರಿಗೆ ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳ ಸೇರಿಸಿ ನಾನು ಮಾಡಿದ ಮೊದಲ ಹಲಗೆ ಬಗ್ಗಿಸುವಾಗಲೇ ಮುರಿಯಿತು. ಮುರಿದ ಅಂಚಿನಿಂದ ನಾರುಗಳು ಬಾಚಣಿಗೆ ಹಲ್ಲಿನ ಹಾಗೆ ಉದ್ದುದ್ದ ಹೊರಚಾಚಿದ್ದವು. ಒಂದನ್ನು ಚಿಮಟದಲ್ಲಿ ಎತ್ತಿ ಭೂತಗನ್ನಡಿ ಹಿಡಿದೆ. ಮೈಮೇಲೆ ಒಂದು ಚೂರೂ ರಾಳವಿಲ್ಲ. ಎದುರಿನ ತುಂಡಿನಲ್ಲಿ ಅದು ಜಾರಿಬಂದ ತೂತು ಮಾತ್ರ ಕಾಣುತ್ತಿತ್ತು. ನಾರು ಗಟ್ಟಿಯಾಗಿಯೇ ಇತ್ತು, ರಾಳಕ್ಕೂ ಅದಕ್ಕೂ ಹಿಡಿತವೇ ಬಿದ್ದಿರಲಿಲ್ಲ.

ತಪ್ಪು ಎರಡು ಕಡೆ ಆಗಿತ್ತು. ಗಿಡದ ನಾರಿನ ಮೈಮೇಲೆ ಮೇಣದಂಥ ಪದರ ಇರುತ್ತದೆ, ಅದನ್ನು ತೆಗೆದಿರಲಿಲ್ಲ. ಜೊತೆಗೆ ನಾರಿನ ಮುಖ್ಯ ವಸ್ತುವಾದ ಸೆಲ್ಯುಲೋಸ್ ಗಾಳಿಯಲ್ಲಿನ ತೇವವನ್ನೇ ಹೀರಿಕೊಳ್ಳುತ್ತದೆ, ಅದನ್ನೂ ಲೆಕ್ಕಕ್ಕೆ ತಂದಿರಲಿಲ್ಲ.

ಎರಡನೇ ಸಲ 5% ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನಾಲ್ಕು ಗಂಟೆ ನೆನೆಸಿದೆ. ಕೈಗವಸು, ಕನ್ನಡಕ ಹಾಕಿಕೊಂಡೇ ಮಾಡಬೇಕು. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಸುರಿಯಬಾರದು. ಸ್ವಲ್ಪ ಹೊತ್ತಿಗೆ ನೀರು ಕಡು ಚಹಾ ಬಣ್ಣಕ್ಕೆ ತಿರುಗಿತು: ನಾರಿನಲ್ಲಿ ಸೆಲ್ಯುಲೋಸ್ ಜೊತೆಗಿರುವ ಹೆಮಿಸೆಲ್ಯುಲೋಸ್, ಒಂದಿಷ್ಟು ಲಿಗ್ನಿನ್, ಮೇಲಿನ ಮೇಣ ಎಲ್ಲ ಬಿಟ್ಟುಕೊಳ್ಳುತ್ತಿತ್ತು. ಆಮೇಲೆ ನಾರನ್ನು ಮತ್ತೆ ಮತ್ತೆ ತೊಳೆದೆ, ಉಳಿದ ಸೋಡಾದ ಕ್ಷಾರ ಕಳೆಯಲೆಂದು ಕೊನೆಯ ನೀರಿಗೆ ತುಸು ವಿನೆಗರ್ ಬೆರೆಸಿದೆ. ಮುಟ್ಟಿದರೆ ಮೊದಲಿನ ನುಣುಪು ಹೋಗಿ ಒರಟು ಸಿಗುತ್ತಿತ್ತು. ರಾಳಕ್ಕೆ ಬೇಕಾದ ಹಿಡಿ ಅದೇ. ಇನ್ನೂ ಚೆನ್ನಾಗಲಿ ಎಂದು ಒಂದು ಕಂತೆಯನ್ನು 10% ದ್ರಾವಣದಲ್ಲಿ ರಾತ್ರಿಯಿಡೀ ಬಿಟ್ಟೆ. ಅದು ಬೆರಳಲ್ಲೇ ಪಟಪಟ ಮುರಿಯುವಷ್ಟು ಸೊರಗಿತು.

ಒಣಗಿಸುವುದರಲ್ಲಿ ನನಗೆ ಹೆಚ್ಚು ಪಾಠವಾಯಿತು. ಎರಡು ದಿನದ ಬಿಸಿಲಲ್ಲಿ ಗರಿಗರಿಯಾಗಿ ಕಂಡ 100 ಗ್ರಾಂ ನಾರನ್ನು 80 ಡಿಗ್ರಿ ಓವನ್‌ನಲ್ಲಿ ಇಟ್ಟು ಗಂಟೆಗೊಮ್ಮೆ ತೂಗಿದೆ. 92ಕ್ಕೆ ಬಂದು ನಿಂತಿತು. ಮಿಕ್ಕ 8 ಗ್ರಾಂ ಕಣ್ಣಿಗೆ ಕಾಣದ ನೀರು! ಹೊರತೆಗೆದ ನಾರನ್ನು ಗಾಳಿಯಾಡದ ಚೀಲಕ್ಕೆ ಹಾಕಿದೆ, ಹಲಗೆ ಅಂಟದಂತೆ ಅಚ್ಚಿಗೆ ಮೇಣ ಸವರಿ ಸಿದ್ಧವಾದ ಮೇಲೆಯೇ ಬಿಚ್ಚಿದೆ.

ರಾಳ, ಅದನ್ನು ಗಟ್ಟಿಮಾಡುವ ಹಾರ್ಡನರ್ ಎರಡನ್ನೂ ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ ತೂಗಿಯೇ ಬೆರೆಸಿ. ನಾರು ತೂಕದಲ್ಲಿ ಸುಮಾರು 30% ಇತ್ತು. ಒಂದು ಪದರ ಹಾಸಿ, ರಾಳ ಹಚ್ಚಿ, ಗುಳ್ಳೆ ಹೋಗುವವರೆಗೆ ರೋಲರ್ ಎಳೆದು ಮುಂದಿನ ಪದರಕ್ಕೆ ಹೋದೆ. ಮೇಲೆ ಭಾರ ಹೇರಿ ಒಂದು ದಿನ ಬಿಟ್ಟೆ.

ಈ ಹಲಗೆಯನ್ನು ಬೇಕೆಂದೇ ಮುರಿದೆ. ನಾರುಗಳು ಅಂಚಿಗೆ ಸಮವಾಗಿ ತುಂಡಾಗಿದ್ದವು, ಹೊರಗೆ ಉಳಿದ ಮೋಟು ತುದಿಗಳಿಗೆ ರಾಳ ಕಚ್ಚಿಕೊಂಡಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ತುಂಡನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಇದು ಗಾಜಿನ ನಾರಿಗೆ ಎಲ್ಲ ಕಡೆ ಬದಲಿ ಎಂದು ನಾನು ಹೇಳುವುದಿಲ್ಲ. ಹಗುರ ನಿಜ, ಕುಯ್ಯುವಾಗ ಮೈ ನವೆಯಾಗುವುದಿಲ್ಲ, ಆದರೆ ನೀರು ಇದರ ಶತ್ರು. ಕುಯ್ದ ಅಂಚಿನಲ್ಲಿ ನಾರಿನ ತುದಿ ಬಯಲಾಗಿರುತ್ತದೆ. ಹಾಗೇ ಬಿಟ್ಟ ಒಂದು ತುಂಡನ್ನು ನೀರಲ್ಲಿಟ್ಟಾಗ ಹತ್ತು ದಿನಕ್ಕೆ ಅಂಚು ಉಬ್ಬಿತು. ಅಂಚಿಗೆ ಎಪಾಕ್ಸಿ ಬಳಿದು ಪಕ್ಕದಲ್ಲೇ ಮುಳುಗಿಸಿದ್ದ ಜೋಡಿ ತುಂಡು ಹಾಗೇ ಇತ್ತು.